ಎಳೆಯ ತುದಿ

ಆಟ ಓಡ್ತಿಲ್ಲ ಅಣ್ಣಾ, ತೆವಳ್ತಿದೆ,
ಎಂದು ಫೋನು ಮಾಡಿದ್ದ ಮುದಸ್ಸಿರ್.
ಶಿಡ್ಲಘಟ್ಟದಲ್ಲಿ ತೆವಳುವುದೆಂದರೆ ಹುಳ,
ಹಣ್ಣಾಗಿ ಚಂದ್ರಂಕಿ ಏರುವ ಮುಂಚಿನ ಹುಳ.
ಸ್ಕ್ರೂಡ್ರೈವರು, ಬ್ರಶ್ಶು, ಪೇಸ್ಟಿನ ಟ್ಯೂಬು
ಜೇಬಿಗೆ ತುರುಕಿಕೊಂಡು ಹೊರಟೆ.

ಮನೆಯ ಮುಂಭಾಗವೇ ಫಿಲೇಚರು.
ಬೇಯುವ ಗೂಡಿನ ವಾಸನೆಗೆ
ಹೊರಗಿನವರು ಮೂಗು ಮುಚ್ಚುತ್ತಾರೆ;
ನಾವು, ಊರು ಬಂತು, ಎಂದು ಬಸ್ಸಿನಲ್ಲಿ ಎದ್ದು ನಿಲ್ಲುತ್ತೇವೆ.

ಒಳಕೋಣೆಯಲ್ಲಿ ಖಾಲಿ ಚೀಲಗಳ ಪಕ್ಕ
ಗಾಜಿನ ಮೈಯ ಪೆಟ್ಟಿಗೆ, ಒಳಗೆ ನೀಲಿ ನೇರಳೆ ದೀಪ,
ಶಾದಿಮಹಲಿನ ಹಾಗೆ.
ಅದರ ಕಾರ್ಡೊಂದರ ಬೆಲೆಗೇ ಎರಡು ಸೀಮೆಹಸು ಬರುತ್ತಿದ್ದವು.
ಒಂದೂವರೆ ವರ್ಷ ರಾತ್ರಿ ಪಾಳಿಯಲ್ಲಿ
ಬಾಯ್ಲರಿಗೆ ಸೌದೆ ಹಾಕಿ ಕೂಡಿಸಿದ ದುಡ್ಡು.

ಪರದೆಯ ಮೂಲೆಯಲ್ಲಿ ಹಸಿರು ಅಂಕಿ: ಹದಿನೇಳು.
ಒಮ್ಮೊಮ್ಮೆ ಹದಿನಾಲ್ಕು.
ಆಟದೊಳಗಿನ ಕುದುರೆ ಒಂದು ಕಾಲೆತ್ತಿ
ಇಡಲೋ ಬೇಡವೋ ಎಂದು ಯೋಚಿಸುತ್ತಿತ್ತು.

ಬಲ್ಲದ್ದನ್ನೆಲ್ಲ ಮಾಡಿದೆ.
ಡ್ರೈವರು ಕಿತ್ತು ಹೊಸದು ಹಾಕಿದೆ.
ಪಕ್ಕದ ಗಾಜು ಬಿಚ್ಚಿ ಕಾರ್ಡು ಮುಟ್ಟಿ ನೋಡಿದೆ: ತಣ್ಣಗಿತ್ತು.
ಅನುಮಾನ ಅಲ್ಲೇ ಬರಬೇಕಿತ್ತು ನನಗೆ,
ದುಡಿಯುವುದು ಯಾವುದು ತಣ್ಣಗಿರುತ್ತದೆ?
ಬರಲಿಲ್ಲ. ನೆರಳು ಇಳಿಸಿದೆ, ಹುಲ್ಲು ಬೋಳಿಸಿದೆ,
ದೂರದ ಬೆಟ್ಟವನ್ನು ಮಂಜಿನಲ್ಲಿ ಮುಚ್ಚಿದೆ.
ಹದಿನೇಳು ಹತ್ತೊಂಬತ್ತಾಯಿತು.

ತಪ್ಪನ್ನು ಬೆಸ್ಕಾಂ ಮೇಲೆ ಹಾಕಿದೆ.
ವೋಲ್ಟೇಜ್ ಇಲ್ಲ ಎಂದರೆ ಈ ಸೀಮೆಯಲ್ಲಿ
ಯಾರೂ ಎದುರಾಡುವುದಿಲ್ಲ.
ಹುಡುಗ ಮಾತಾಡದೆ ಸ್ಟೆಬಿಲೈಸರಿನ ಮುಳ್ಳು ತೋರಿಸಿದ:
ಇನ್ನೂರ ಮೂವತ್ತು, ಅಲುಗಾಡದೆ.

ಖಮರುನ್ನೀಸಾ ಚಹಾ ತಂದರು.
ಬಿಸಿನೀರಲ್ಲಿ ನೆನೆದೂ ನೆನೆದೂ ಬಿಳಿಚಿದ ಬೆರಳು,
ಗೆರೆ ಅಳಿಸಿ, ರೇಷನ್ ಅಂಗಡಿಯ ಯಂತ್ರ
ನೀನು ನೀನಲ್ಲ ಎಂದು ವಾಪಸು ಕಳಿಸುವ ಬೆರಳು.
"ಹತ್ತೊಂಬತ್ತು? ಯಾವುದರ ರೇಟು ಇದು?"
ರೇಟಲ್ಲ ಅಮ್ಮೀ, ಸೆಕೆಂಡಿಗೆ ಎಷ್ಟು ಚಿತ್ರ ಬರುತ್ತೆ ಅಂತ.
"ಎಲ್ಲಿಂದ ಬರುತ್ತೆ?"
ಈ ಕಾರ್ಡಿಂದ, ಎಂದು ಸ್ಕ್ರೂಡ್ರೈವರಿನಲ್ಲಿ ತೋರಿಸಿದೆ.
"ಎಳೆ ಯಾವುದು?"

ಮೂವತ್ತು ವರ್ಷದಿಂದ ಅವರದು ಅದೊಂದೇ ಪ್ರಶ್ನೆ.
ದಾರ ಹರಿದರೆ ರಾಟೆಯನ್ನು ಬೈಯುವುದಿಲ್ಲ, ಕರೆಂಟನ್ನೂ ಬೈಯುವುದಿಲ್ಲ,
ಸುತ್ತಿದ ಕಡೆಯಿಂದ ಹಿಂದೆ ಹಿಂದೆ ಬರುತ್ತಾರೆ
ಕುದಿನೀರಲ್ಲಿ ತೇಲುವ ಗೂಡಿನ ತನಕ.

ಪರದೆಯ ಬೆನ್ನಿನ ಕಪ್ಪು ವೈರು ಹಿಡಿದರು.
ಮೇಜಿನ ಅಂಚು ದಾಟಿ, ಗೋಡೆಯ ಸಂದಿಗೆ ಕೈ ತೂರಿಸಿ,
ಕಣ್ಣು ಬೇರೆಲ್ಲೋ ಇಟ್ಟು, ತಡವುತ್ತಾ,
"ಇದು ಮೇಲಿನ ತೂತಲ್ಲಿದೆ.
ನೀನು ತೋರಿಸಿದ್ದು ಕೆಳಗೆ ಅಲ್ವಾ?"

ಹೌದು.
ಕಾರ್ಡಿಗೆ ಸಿಕ್ಕಿಸಬೇಕಾದ್ದು ಮದರ್‌ಬೋರ್ಡಿಗೆ.
ಎರಡು ಸೀಮೆಹಸು ಕೊಟ್ಟಿಗೆಯಲ್ಲಿ ಕಟ್ಟಿ
ಮೇಕೆಯ ಕೆಚ್ಚಲಿಗೆ ಬಕೆಟ್ಟು ಹಿಡಿದಂತೆ.
ಹದಿನೈದು ದಿನದ ಹಿಂದೆ, ಸಂಜೆ, ಅವಸರದಲ್ಲಿ
ಅದನ್ನು ಅಲ್ಲಿ ಸಿಕ್ಕಿಸಿದವನು
ನಾನೇ.

ಬದಲಿಸಲು ನಾಲ್ಕು ಸೆಕೆಂಡು.
ಕಾರ್ಡಿನ ಫ್ಯಾನುಗಳು ಮೊದಲ ಸಲ ತಿರುಗಿದವು.
ನೂರ ನಲವತ್ತೊಂದು.
ಕುದುರೆ ಕಾಲಿಟ್ಟಿತು, ಇಟ್ಟದ್ದೇ ಹೊಳೆ ದಾಟಿತು.
ಬೆಟ್ಟದ ಮಂಜು ತೆಗೆದೆ. ಹುಲ್ಲು ವಾಪಸು ಕೊಟ್ಟೆ.

ದುಡ್ಡು ಮುಟ್ಟಲಿಲ್ಲ. ಚಹಾ ಆರಿತ್ತು, ಕುಡಿದೆ.
ಇನ್ನು ಆ ಅಂಕಿ ತೆಗೆದುಬಿಡೋ, ಆಟ ಆಡು, ಎಂದೆ.
ಮೂಲೆಯಿಂದ ಕಣ್ಣು ಕೀಳದೆ ಮುದಸ್ಸಿರ್:
"ಇರ್ಲಿ ಅಣ್ಣಾ. ಅದಿಲ್ದೆ
ಚೆನ್ನಾಗಿದೆ ಅಂತ ಹೆಂಗೆ ಗೊತ್ತಾಗುತ್ತೆ?"

ಹೊರಗೆ ರಾಟೆಗಳು ತಿರುಗುತ್ತಿದ್ದವು.
ಎಂಟು ಗೂಡಿನ ಎಂಟು ಎಳೆ, ಒಂದು ದಾರ,
ಕಾಣುತ್ತದೆ ಅಂದರೆ ಕಾಣುತ್ತದೆ.
ಖಮರುನ್ನೀಸಾ ಆಗಲೇ ಕೂತಿದ್ದರು, ಕೈ ನೀರಲ್ಲಿ.
ತಲೆ ಎತ್ತದೆ ಕೇಳಿದರು:
"ಬಿಚ್ಚಿದ ಗಾಜು ಮುಚ್ಚಿದ್ಯಾ?"

ಚಪ್ಪಲಿ ಬಿಟ್ಟು
ಮತ್ತೆ ಒಳಗೆ ಹೋದೆ.